ನೆನಪಿನ ಗುಂಡಿ ಗೆದ್ದಿತು, ಬೆರಳು ಸೋತಿತು

2022ರ ಮೇ ತಿಂಗಳಲ್ಲಿ ಎರಡೇ ವಾರಗಳ ಅಂತರದಲ್ಲಿ ಇಬ್ಬರು ತೀರಿಕೊಂಡರು. 17ರಂದು ಪ್ಯಾರಿಸ್‌ನಲ್ಲಿ ಗ್ರೀಕ್ ಸಂಗೀತಗಾರ ವ್ಯಾಂಗೆಲಿಸ್, 31ರಂದು ಅಮೆರಿಕದ ಎಂಜಿನಿಯರ್ ಡೇವ್ ಸ್ಮಿತ್. ಮೊದಲನೆಯವರನ್ನು 'ಚಾರಿಯಟ್ಸ್ ಆಫ್ ಫೈರ್', 'ಬ್ಲೇಡ್ ರನ್ನರ್' ಸಿನಿಮಾಗಳ ಸಂಗೀತದಿಂದ ಜಗತ್ತು ಬಲ್ಲದು. ಎರಡನೆಯವರ ಹೆಸರನ್ನು ಸ್ಟುಡಿಯೊಗಳ ಆಚೆ ಕೇಳಿದವರು ಕಡಿಮೆ. ಆದರೂ ಇವತ್ತು ಲ್ಯಾಪ್‌ಟಾಪ್ ಮುಂದೆ ಕೂತು ಟ್ಯೂನ್ ಕಟ್ಟುವ ಪ್ರತಿಯೊಬ್ಬರ ಮೇಲೂ ಅವರ ಋಣವಿದೆ.

ಈ ಇಬ್ಬರ ಹೆಸರಿಗೂ ಒಂದೊಂದು ವಾದ್ಯ ಅಂಟಿಕೊಂಡಿದೆ. ವ್ಯಾಂಗೆಲಿಸ್ ನುಡಿಸಿದ ಯಮಾಹಾ ಸಿಎಸ್-80 ಬಂದದ್ದು 1977ರಲ್ಲಿ. ಸ್ಮಿತ್ ಕಟ್ಟಿದ ಪ್ರಾಫೆಟ್-5 ಬಂದದ್ದು 1978ರಲ್ಲಿ. ಎರಡೂ ಅನಲಾಗ್ ಸಿಂಥಸೈಜರ್‌ಗಳು, ಎರಡೂ ಏಕಕಾಲಕ್ಕೆ ಹಲವು ಸ್ವರ ನುಡಿಸಬಲ್ಲವು. ಒಂದು ಬೆರಳಿನ ಮಾತು ಕೇಳುತ್ತಿತ್ತು, ಇನ್ನೊಂದು ಗುಂಡಿ ಒತ್ತಿದರೆ ಹಳೆಯ ಸದ್ದನ್ನು ನೆನಪಿಸಿಕೊಡುತ್ತಿತ್ತು. ಮಾರುಕಟ್ಟೆ ನೆನಪನ್ನು ಆರಿಸಿಕೊಂಡಿತು. ಆ ಆಯ್ಕೆಯ ಲಾಭವನ್ನು ಎಲ್ಲರೂ ಉಂಡಿದ್ದಾರೆ. ನಷ್ಟದ ಲೆಕ್ಕ ಬರೆದವರು ಕಡಿಮೆ, ಅದರಲ್ಲೂ ಗಮಕವೇ ಜೀವಾಳವಾದ ಸಂಗೀತ ಕೇಳಿ ಬೆಳೆದ ನಮ್ಮ ಕಡೆ.

ಸಿಎಸ್-80ರ ಬಗ್ಗೆ ಮೊದಲು ಹೇಳಬೇಕಾದ್ದು ಅದರ ತೂಕ: ಸುಮಾರು 100 ಕೆಜಿ. ಒಂದು ಕ್ವಿಂಟಲ್ ಅಕ್ಕಿ ಹೊತ್ತಂತೆ. ಜಪಾನಿನ ಹಮಾಮತ್ಸು ಊರಿನಿಂದ ಬಂದ ಈ ವಾದ್ಯಕ್ಕೆ ಆಗಿನ ಬೆಲೆ ಸುಮಾರು 7,000 ಡಾಲರ್. ಇದಕ್ಕೂ ಮೊದಲು ಯಮಾಹಾ ಜಿಎಕ್ಸ್-1 ಎಂಬ ಇನ್ನೂ ದೊಡ್ಡ ಯಂತ್ರ ಮಾಡಿತ್ತು. ಮೂರು ಸಾಲು ಕೀಗಳು, ಕಾಲಿಗೆ ಪೆಡಲು, ನೋಡಿದರೆ ಚರ್ಚಿನ ಆರ್ಗನ್. 1976ರಲ್ಲಿ ಬಂದ ಸ್ಟೀವಿ ವಂಡರ್ ಅವರ 'ಸಾಂಗ್ಸ್ ಇನ್ ದ ಕೀ ಆಫ್ ಲೈಫ್' ಆಲ್ಬಮ್ಮಿನ 'ವಿಲೇಜ್ ಗೆಟ್ಟೊ ಲ್ಯಾಂಡ್' ಹಾಡಿನಲ್ಲಿ ಪಿಟೀಲುಗಳ ಹಿಂಡಿನಂತೆ ಕೇಳುವುದು ಆ ಯಂತ್ರವೇ. ಅದರ ತಂತ್ರವನ್ನು ಒಬ್ಬ ವಾದಕನ ಎದುರಿಗೆ ಹಿಡಿಸುವಷ್ಟು ಇಳಿಸಿದಾಗ ಸಿಎಸ್-80 ಆಯಿತು.

ಇಳಿಸಿದ ಮೇಲೂ ಇಷ್ಟೊಂದು ಭಾರ ಏಕೆ? 1970ರಲ್ಲಿ ಬಂದ ಮಿನಿಮೋಗ್ ಒಬ್ಬ ಮನುಷ್ಯ ಹೊತ್ತು ಓಡಾಡುವಂತಿತ್ತು. ಆದರೆ ಅದರಲ್ಲಿ ಒಂದು ಸಲಕ್ಕೆ ಒಂದೇ ಸ್ವರ. ಕೊಳಲಿನ ಹಾಗೆ. ಎರಡು ಕೀ ಒಟ್ಟಿಗೆ ಒತ್ತಿದರೂ ಕೇಳುವುದು ಒಂದೇ ದನಿ. ಅನಲಾಗ್ ವಾದ್ಯದಲ್ಲಿ ಒಂದು ದನಿ ಹುಟ್ಟಬೇಕಾದರೆ ಒಂದು ಸಂಸಾರವೇ ಬೇಕು. ವಿದ್ಯುತ್ತನ್ನು ಅಲುಗಾಡಿಸಿ ಸ್ವರ ಹುಟ್ಟಿಸುವ ಆಸಿಲೇಟರ್, ಆ ಸ್ವರದ ಹೊಳಪನ್ನು ಸೋಸುವ ಫಿಲ್ಟರ್, ಸದ್ದನ್ನು ಏರಿಸಿ ಇಳಿಸುವ ಆಂಪ್ಲಿಫೈಯರ್, ಇವೆಲ್ಲಕ್ಕೂ ಯಾವಾಗ ಏಳಬೇಕು, ಯಾವಾಗ ಮಲಗಬೇಕು ಎಂದು ಹೇಳುವ ಇನ್ನೊಂದು ಸರ್ಕಿಟ್. ನಾಲ್ಕು ಸ್ವರ ಬೇಕೆಂದರೆ ನಾಲ್ಕು ಸಂಸಾರ. 1975ರಲ್ಲಿ ಅಮೆರಿಕದ ಟಾಮ್ ಒಬರ್‌ಹೈಮ್ ಅದನ್ನೇ ಮಾಡಿದರು. ನಾಲ್ಕು ಪೂರ್ತಿ ಸಿಂಥಸೈಜರ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೂರಿಸಿ 'ಫೋರ್ ವಾಯ್ಸ್' ಎಂದು ಹೆಸರಿಟ್ಟರು. ಸಿಎಸ್-80ರಲ್ಲಿ ದನಿಗಳು ಎಂಟು, ಪ್ರತಿ ದನಿಗೂ ಎರಡು ಪದರ. ಅಂದರೆ ಒಂದೇ ಮನೆಯಲ್ಲಿ ಹದಿನಾರು ಸಂಸಾರ.

ಆದರೆ ಈ ವಾದ್ಯದ ಹೆಚ್ಚುಗಾರಿಕೆ ದನಿಗಳ ಎಣಿಕೆಯಲ್ಲಿ ಮುಗಿಯುವುದಿಲ್ಲ. ಅದರ 61 ಕೀಗಳಲ್ಲಿ ಒಂದೊಂದಕ್ಕೂ ಬೆರಳಿನ ಸ್ಪರ್ಶ ಬೇರೆಬೇರೆಯಾಗಿ ತಿಳಿಯುತ್ತಿತ್ತು. ಕೀ ಎಷ್ಟು ರಭಸದಿಂದ ಕೆಳಗಿಳಿಯಿತು ಎಂಬುದು ಒಂದು. ಇಳಿದ ಮೇಲೆ ಬೆರಳು ಅದನ್ನು ಇನ್ನೆಷ್ಟು ಒತ್ತುತ್ತಿದೆ ಎಂಬುದು ಇನ್ನೊಂದು. ಐದು ಸ್ವರಗಳನ್ನು ಒಟ್ಟಿಗೆ ಹಿಡಿದು ಕಿರುಬೆರಳಿನ ಸ್ವರವನ್ನಷ್ಟೇ ಸ್ವಲ್ಪ ಅದುಮಿದರೆ, ಉಳಿದ ನಾಲ್ಕು ಸುಮ್ಮನಿರುತ್ತಿದ್ದವು. ಅದೊಂದೇ ಬೆಳಗುತ್ತಿತ್ತು, ಏರುತ್ತಿತ್ತು, ಕಂಪಿಸುತ್ತಿತ್ತು. ಜೋರಾಗಿ ಹೊಡೆದರೆ ಸ್ವರ ತುಸು ಕೆಳಗಿನಿಂದ ಜಾರಿಕೊಂಡು ತನ್ನ ಜಾಗಕ್ಕೆ ಬಂದು ನಿಲ್ಲುವಂತೆಯೂ ಹೊಂದಿಸಿಕೊಳ್ಳಬಹುದಿತ್ತು. ಕೀಗಳ ಮೇಲ್ಗಡೆ ಒಂದು ಉದ್ದನೆಯ ಪಟ್ಟಿ ಇತ್ತು. ಅದರ ಮೇಲೆ ಎಲ್ಲಿ ಬೇಕಾದರೂ ಬೆರಳಿಟ್ಟು ಎಳೆದರೆ ಸ್ವರ ಅಷ್ಟು ದೂರ ಜಾರುತ್ತಿತ್ತು, ವೀಣೆಯ ತಂತಿ ಎಳೆದ ಹಾಗೆ.

ಕೀಗಳಿರುವ ವಾದ್ಯಗಳಲ್ಲಿ ಇದು ಅಪರೂಪ. ಯುರೋಪಿನ ಹಳೆಯ ಕ್ಲಾವಿಕಾರ್ಡ್‌ನಲ್ಲಿ ಕೀ ಒತ್ತಿರುವಷ್ಟು ಹೊತ್ತೂ ಬೆರಳು ತಂತಿಯ ಸಂಪರ್ಕದಲ್ಲಿರುತ್ತಿತ್ತು, ಹಾಗಾಗಿ ಸ್ವರವನ್ನು ನಡುಗಿಸಬಹುದಿತ್ತು. ಪಿಯಾನೊ ಬಂದ ಮೇಲೆ ಆ ನಂಟು ಕಡಿಯಿತು. ಸುತ್ತಿಗೆ ತಂತಿಗೆ ಬಡಿದು ಹಿಂದಕ್ಕೆ ಬಿತ್ತೆಂದರೆ, ಆ ಸ್ವರದ ಮೇಲೆ ವಾದಕನಿಗೆ ಉಳಿಯುವುದು ಅದನ್ನು ನಿಲ್ಲಿಸುವ ಅಧಿಕಾರ ಒಂದೇ.

ಲಂಡನ್ನಿನ ಮಾರ್ಬಲ್ ಆರ್ಚ್ ಬಳಿ ವ್ಯಾಂಗೆಲಿಸ್ 'ನೀಮೊ' ಎಂಬ ಸ್ಟುಡಿಯೊ ಕಟ್ಟಿಕೊಂಡಿದ್ದರು. ಸ್ವರಲಿಪಿ ಓದಲು, ಬರೆಯಲು ಬಾರದ ಅವರು ಪರದೆಯ ಮೇಲೆ ಓಡುವ ಚಿತ್ರ ನೋಡುತ್ತಾ ಅಲ್ಲೇ ನುಡಿಸಿ ಧ್ವನಿಮುದ್ರಿಸಿಕೊಳ್ಳುತ್ತಿದ್ದರು. ಕಾಗದದಲ್ಲಿ ಬರೆದಿಟ್ಟು ತಿದ್ದುವ ಪದ್ಧತಿ ಇಲ್ಲದವನಿಗೆ ವಾದ್ಯ ಕೈಯ ಕೂಡಲೇ ಹರಿಯಬೇಕು. 1981ರ 'ಚಾರಿಯಟ್ಸ್ ಆಫ್ ಫೈರ್' ಅವರಿಗೆ ಆಸ್ಕರ್ ತಂದಿತು. ಅದರ ಮುಖ್ಯ ಟ್ಯೂನ್ 1982ರಲ್ಲಿ ಅಮೆರಿಕದ ಹಾಡುಪಟ್ಟಿಯ ತುದಿಗೇರಿತು. ಅದೇ ವರ್ಷ 'ಬ್ಲೇಡ್ ರನ್ನರ್' ಬಂತು. 2019ರ ಲಾಸ್ ಏಂಜಲಿಸ್‌ನಲ್ಲಿ ನಡೆಯುವ ಕಥೆ, ಎಡೆಬಿಡದ ಮಳೆ, ಹೊಗೆ, ಅದರ ಮೇಲೆ ಮೆಲ್ಲಗೆ ಹಬ್ಬಿ ಮತ್ತೆ ಕುಗ್ಗುವ ಕಹಳೆಯಂಥ ಸ್ವರಗಳು. ಕೇಳಿದವರಿಗೆ ಅದು ಯಂತ್ರದ ಸದ್ದು ಎಂದು ಗೊತ್ತಾಗುತ್ತದೆ, ಆದರೂ ಯಾರೋ ಉಸಿರೆಳೆದ ಹಾಗೆ ಅನಿಸುತ್ತದೆ. ಆ ಉಸಿರು ಕೀಗಳ ಮೇಲಿನ ಒತ್ತಡದಿಂದ ಬಂದದ್ದು. ಮುಂದೆ ವ್ಯಾಂಗೆಲಿಸ್ ತಮ್ಮ ವೃತ್ತಿಜೀವನದ ಅತಿ ಮುಖ್ಯ ಸಿಂಥಸೈಜರ್ ಸಿಎಸ್-80 ಎಂದೇ ಹೇಳಿದರು.

ಇಷ್ಟೆಲ್ಲ ಇದ್ದೂ 1980ರ ಹೊತ್ತಿಗೆ ಅದರ ತಯಾರಿಕೆ ನಿಂತಿತು.

ಕಾರಣಗಳು ಪೇಚಿನವೇನಲ್ಲ. ಬೆಲೆ ಹೆಚ್ಚು, ಭಾರ ಹೆಚ್ಚು. ಕೋಣೆಯ ಬಿಸಿ ಏರಿದರೆ ಶ್ರುತಿ ಕದಲುತ್ತಿತ್ತು. ಎಲ್ಲಕ್ಕಿಂತ ದೊಡ್ಡ ತೊಡಕು ಮರೆವು. ಹತ್ತಾರು ಸರಿಕೋಲುಗಳನ್ನು ಸರಿಸಿ ಚೆಂದದ ಸದ್ದೊಂದನ್ನು ಹುಡುಕಿಕೊಂಡರೆ, ಅದನ್ನು ಉಳಿಸಿಕೊಳ್ಳಲು ಇದ್ದ ಏರ್ಪಾಡು ನಗು ತರಿಸುವಂಥದ್ದು. ಎಡಗಡೆಯ ಮುಚ್ಚಳ ಎತ್ತಿದರೆ ಒಳಗೆ ಮೇಲಿನ ಫಲಕದ್ದೇ ಪುಟಾಣಿ ಪ್ರತಿರೂಪಗಳು. ಆ ಕಡ್ಡಿಯಂಥ ಗುಂಡಿಗಳನ್ನು ಒಂದೊಂದಾಗಿ ಅದೇ ಜಾಗಕ್ಕೆ ಸರಿಸಿಡಬೇಕು. ಹಾಗೆ ಉಳಿಸಬಹುದಾದ ಸದ್ದುಗಳು ನಾಲ್ಕೇ ನಾಲ್ಕು. ಉಳಿದಂತೆ ಕಾರ್ಖಾನೆಯವರು ಕೊಟ್ಟ ಸಿದ್ಧ ಸದ್ದುಗಳು 22.

ಡೇವ್ ಸ್ಮಿತ್ ಕೈ ಹಾಕಿದ್ದು ಇದೇ ಗಂಟಿಗೆ. ಕ್ಯಾಲಿಫೋರ್ನಿಯಾದಲ್ಲಿ ಅವರು ಕಟ್ಟಿದ ಸೀಕ್ವೆನ್ಷಿಯಲ್ ಸರ್ಕಿಟ್ಸ್ ಎಂಬ ಸಣ್ಣ ಕಂಪನಿ ಪ್ರಾಫೆಟ್-5ರೊಳಗೆ ಝಡ್-80 ಎಂಬ ಮೈಕ್ರೊಪ್ರೊಸೆಸರ್ ಕೂರಿಸಿತು. ದನಿಗಳು ಐದೇ. ಆದರೆ ನಲವತ್ತು ಸದ್ದುಗಳನ್ನು ನೆನಪಿಟ್ಟುಕೊಳ್ಳುವ ಶಕ್ತಿ ಅದಕ್ಕಿತ್ತು. ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ ಪ್ರೇಕ್ಷಕರು ಚಪ್ಪಾಳೆ ತಟ್ಟುವಷ್ಟರಲ್ಲಿ ಗುಂಡಿ ಒತ್ತಿದರೆ ಬೇರೆಯೇ ವಾದ್ಯ ಸಿದ್ಧ. ಬೆಲೆಯೂ ಸಿಎಸ್-80ಕ್ಕಿಂತ ಬಹಳ ಕಡಿಮೆ, ಸುಮಾರು 4,000 ಡಾಲರ್. 1981ರಲ್ಲಿ ಬಂದ ಫಿಲ್ ಕಾಲಿನ್ಸ್ ಅವರ 'ಇನ್ ದ ಏರ್ ಟುನೈಟ್' ಹಾಡಿನ ಹಿಂದೆ ಮಂಜಿನಂತೆ ಹರಡಿರುವುದು ಪ್ರಾಫೆಟ್-5. ಜಾನ್ ಕಾರ್ಪೆಂಟರ್ ಅವರ ಭಯದ ಸಿನಿಮಾಗಳಲ್ಲಿ ಬೆನ್ನು ಸೆಟೆಸುವ ಸದ್ದುಗಳಿಗೂ ಅದೇ ಆಸರೆ. ಎರಡು ದಶಕ ಕಳೆದ ಮೇಲೆ ರೇಡಿಯೊಹೆಡ್ ತಂಡ 'ಕಿಡ್ ಎ' ಆಲ್ಬಮ್ಮನ್ನು ತೆರೆದದ್ದೂ ಅದರ ಸ್ವರಗಳಿಂದಲೇ.

ಸ್ಮಿತ್ ಅವರನ್ನು ಇಲ್ಲಿ ಖಳನಾಯಕ ಮಾಡುವುದು ಅನ್ಯಾಯ. ರಾತ್ರಿ ಊರೂರು ಅಲೆದು ಕಾರ್ಯಕ್ರಮ ಕೊಡುವ ವಾದಕನಿಗೆ ನೆನಪು ವರ. ರೋಲಂಡ್ ಕಂಪನಿಯ ಇಕುತಾರೊ ಕಾಕೆಹಾಶಿ ಅವರ ಜತೆಗೂಡಿ ಸ್ಮಿತ್ ಮಿಡಿ ಎಂಬ ಸಾಮಾನ್ಯ ಭಾಷೆಯನ್ನು ರೂಪಿಸಿದರು. ಬೇರೆಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಮಾತಾಡುವಂತಾದದ್ದು ಅದರಿಂದ. 1983ರ ಜನವರಿಯಲ್ಲಿ ಅಮೆರಿಕದ ವಾದ್ಯಮೇಳದಲ್ಲಿ ಸ್ಮಿತ್‌ರ ಪ್ರಾಫೆಟ್-600 ಮತ್ತು ರೋಲಂಡ್‌ನ ಜ್ಯೂಪಿಟರ್-6 ಒಂದೇ ತಂತಿಯಲ್ಲಿ ಕೂಡಿ ನುಡಿದವು. ಅದಕ್ಕಾಗಿ ಇಬ್ಬರಿಗೂ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಸಂದಿತು. ಇವತ್ತಿಗೂ ಆ ಭಾಷೆ ಬಳಕೆಯಲ್ಲಿದೆ.

ಆದರೂ ಒಂದು ಮಾತು ಹೇಳಲೇಬೇಕು. ಮೊದಲ ಪ್ರಾಫೆಟ್-5ರ ಕೀಗಳಿಗೆ ಬೆರಳಿನ ರಭಸವೂ ತಿಳಿಯುತ್ತಿರಲಿಲ್ಲ, ಒತ್ತಡವೂ ತಿಳಿಯುತ್ತಿರಲಿಲ್ಲ. ಮೆಲ್ಲಗೆ ಒತ್ತಿದರೂ, ಗುದ್ದಿದರೂ ಒಂದೇ ಸದ್ದು. 1981ರಲ್ಲಿ ಬಂದ ರೋಲಂಡ್‌ನ ಜ್ಯೂಪಿಟರ್-8 ಎಂಬ ದುಬಾರಿ ವಾದ್ಯದ ಕಥೆಯೂ ಇದೇ. ಕರೆಗಂಟೆಯ ಗುಂಡಿಗೆ ಇರುವಷ್ಟೇ ಸೂಕ್ಷ್ಮತೆ. 1983ರಲ್ಲಿ ಯಮಾಹಾ ಡಿಎಕ್ಸ್-7 ತಂದಿತು. ಸಂಪೂರ್ಣ ಡಿಜಿಟಲ್, 16 ದನಿ, 2,000 ಡಾಲರಿನೊಳಗೆ ಬೆಲೆ, ಒಬ್ಬರೇ ಬಗಲಲ್ಲಿ ಎತ್ತಿಕೊಂಡು ಹೋಗುವಷ್ಟು ತೂಕ. ಒಂದೂವರೆ ಲಕ್ಷಕ್ಕೂ ಹೆಚ್ಚು ಮಾರಾಟವಾದವು. ಅದಕ್ಕೆ ಬೆರಳಿನ ರಭಸ ತಿಳಿಯುತ್ತಿತ್ತು. ಒತ್ತಡವೂ ತಿಳಿಯುತ್ತಿತ್ತು, ಆದರೆ ಇಡೀ ಕೀಬೋರ್ಡಿಗೆ ಒಟ್ಟಾಗಿ. ಹಾರ್ಮೋನಿಯಂನ ತಿದಿ ಜೋರಾಗಿ ಒತ್ತಿದರೆ ಹಿಡಿದ ಸ್ವರಗಳೆಲ್ಲ ಒಟ್ಟಿಗೆ ಉಬ್ಬುತ್ತವಲ್ಲ, ಅದೇ ರೀತಿ. ಒಂದೊಂದು ಬೆರಳಿಗೂ ಬೇರೆ ಮಾತು ಎಂಬ ಸಿಎಸ್-80ರ ಸೌಲಭ್ಯವನ್ನು ಅದನ್ನು ಕಟ್ಟಿದ ಕಂಪನಿಯೇ ಡಿಎಕ್ಸ್-7ರಲ್ಲಿ ಕೈಬಿಟ್ಟಿತ್ತು. ವಿಚಿತ್ರವೆಂದರೆ ಮಿಡಿ ಭಾಷೆಯಲ್ಲಿ ಪ್ರತಿ ಕೀಯ ಒತ್ತಡವನ್ನು ಹೇಳುವ ಪದ ಮೊದಲಿನಿಂದಲೂ ಇದೆ. ಆ ಪದ ಆಡುವ ವಾದ್ಯಗಳೇ ಬೆರಳೆಣಿಕೆಯಷ್ಟು.

ಪಾಶ್ಚಾತ್ಯ ಪಾಪ್ ಸಂಗೀತಕ್ಕೆ ಈ ನಷ್ಟ ಅಷ್ಟಾಗಿ ತಟ್ಟಲಿಲ್ಲ. ಅಲ್ಲಿ ಸ್ವರಗಳು ಗುಂಪಾಗಿ ನಿಂತರೆ ಸಾಕು. ನಮ್ಮಲ್ಲಿ ಹಾಗಲ್ಲ. ತೋಡಿಯ ಗಾಂಧಾರವನ್ನು ಅಲುಗಿಸದೆ ಇಟ್ಟರೆ ಅದು ತೋಡಿಯೇ ಅಲ್ಲ. ಹೊರಗಿನಿಂದ ಬಂದ ವಾದ್ಯಗಳನ್ನು ಈ ಸಂಗೀತ ಒಳಗೆ ಬಿಟ್ಟುಕೊಂಡದ್ದು ಗಮಕದ ಬಾಗಿಲಿನಿಂದಲೇ. ಪಿಟೀಲು ಹಾಗೆ ಬಂತು, ಮ್ಯಾಂಡೊಲಿನ್ ಹಾಗೆ ಬಂತು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್, ಗುಂಡಿಗಳೇ ತುಂಬಿದ ಆ ಲೋಹದ ವಾದ್ಯದಲ್ಲಿ ತುಟಿ ಮತ್ತು ಉಸಿರಿನಿಂದ ರಾಗ ಬಿಡಿಸಿ ಕಛೇರಿ ವೇದಿಕೆಗೆ ತಂದರು. ಹಾರ್ಮೋನಿಯಂನ ಪಾಡು ಬೇರೆ. ಕಂಪನಿ ನಾಟಕಗಳಲ್ಲಿ ಪೇಟಿ ಮಾಸ್ತರರಿಲ್ಲದೆ ಪರದೆ ಏಳುತ್ತಿರಲಿಲ್ಲ. ಬೆಳಗಾವಿಯ ರಾಮಭಾವು ವಿಜಾಪುರೆಯವರಂಥ ದೊಡ್ಡವರೂ ಆ ವಾದ್ಯದಲ್ಲಿ ಬಾಳು ಸವೆಸಿದರು. ಆದರೂ 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. ಮತ್ತೆ ಬಾಗಿಲು ತೆರೆದದ್ದು 1971ರಲ್ಲಿ, ಅದೂ ಷರತ್ತುಗಳೊಂದಿಗೆ. ಆರೋಪಪಟ್ಟಿಯ ಮುಖ್ಯ ಅಂಶ ಒಂದೇ: ಅದರ ಸ್ವರಗಳು ನಿಂತಲ್ಲಿ ನಿಲ್ಲುತ್ತವೆ, ಜಾರುವುದಿಲ್ಲ.

ಇದೇ ಮಿತಿಯೊಳಗೆ ನಡೆದ ದೊಡ್ಡ ಸಾಹಸವೊಂದು ಮುಂಬೈನಲ್ಲಿದೆ. ಹಿಂದಿ ಸಿನಿಮಾ ವಾದ್ಯವೃಂದಗಳಲ್ಲಿ ದುಡಿಯುತ್ತಿದ್ದ ಚರಣಜಿತ್ ಸಿಂಗ್ 1982ರಲ್ಲಿ ಜ್ಯೂಪಿಟರ್-8, ಜತೆಗೆ ರೋಲಂಡ್‌ನದೇ ಟಿಬಿ-303 ಮತ್ತು ಟಿಆರ್-808 ಎಂಬ ಎರಡು ಸಣ್ಣ ಯಂತ್ರಗಳನ್ನು ಸೇರಿಸಿ, ಡಿಸ್ಕೊ ತಾಳಕ್ಕೆ ಹತ್ತು ರಾಗಗಳ ಆಲ್ಬಮ್ ಮಾಡಿದರು. ಭೈರವ್, ಲಲಿತ್, ಯಮನ್, ಮಾಲಕೌಂಸ್ ಎಲ್ಲವೂ ಇವೆ. ಆಗ ಯಾರೂ ಕೊಳ್ಳಲಿಲ್ಲ. 2010ರಲ್ಲಿ ಮರುಮುದ್ರಣವಾದಾಗ ಯುರೋಪಿನ ಕೇಳುಗರು ಬೆರಗಾದರು. ಅಮೆರಿಕದ ಶಿಕಾಗೊದಲ್ಲಿ ಅದೇ ಟಿಬಿ-303 ಹಿಡಿದು ಆಸಿಡ್ ಹೌಸ್ ಎಂಬ ಶೈಲಿ ಹುಟ್ಟುವುದಕ್ಕೂ ವರ್ಷಗಳ ಮೊದಲೇ ಮುಂಬೈನಲ್ಲಿ ಆ ಥರದ ಸದ್ದು ಬಂದುಹೋಗಿತ್ತು. 2015ರಲ್ಲಿ ತೀರಿಕೊಳ್ಳುವ ಮುನ್ನ ಸಿಂಗ್ ವಿದೇಶಿ ವೇದಿಕೆಗಳಲ್ಲೂ ಅದನ್ನು ನುಡಿಸಿದರು. ಗಮನವಿಟ್ಟು ಕೇಳಿದರೆ ಅದರ ಶಕ್ತಿಯ ಜತೆಗೆ ಕೊರತೆಯೂ ಕಾಣುತ್ತದೆ. ಸ್ವರಗಳು ಮಿಂಚಿನಂತೆ ಓಡುತ್ತವೆ, ಆದರೆ ಒಂದು ಸ್ವರದ ಮೇಲೆ ನಿಂತು ಅದನ್ನು ಮುದ್ದಿಸುವ ಬಿಡುವು ಕೀಗಳಲ್ಲಿಲ್ಲ. ಸಿಂಗ್ ಕೈಯಲ್ಲಿ ಜ್ಯೂಪಿಟರ್-8ರ ಬದಲು ಸಿಎಸ್-80 ಇದ್ದಿದ್ದರೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಇವತ್ತು ಸಿಎಸ್-80 ಮತ್ತೆ ಸುದ್ದಿಯಲ್ಲಿದೆ, ಆದರೆ ತಪ್ಪು ಕಾರಣಕ್ಕೆ. ಉಳಿದಿರುವ ಕೆಲವು ವಾದ್ಯಗಳು ಹತ್ತಾರು ಸಾವಿರ ಡಾಲರಿಗೆ ಕೈ ಬದಲಿಸುತ್ತವೆ. ಯಮಾಹಾ ಅದಕ್ಕೆಂದೇ ಮಾಡಿಸಿದ್ದ ಚಿಪ್‌ಗಳು ಈಗ ಹುಟ್ಟುವುದಿಲ್ಲ. ಹಾಗಾಗಿ ಕೆಟ್ಟು ನಿಂತದ್ದಕ್ಕೂ ಬಿಡಿಭಾಗದ ಆಸೆಗೆ ಗಿರಾಕಿ ಇದ್ದಾರೆ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ. 2003ರಲ್ಲಿ ಫ್ರಾನ್ಸಿನ ಆರ್ಟೂರಿಯಾ ಕಂಪನಿ ಅದರ ಸಾಫ್ಟ್‌ವೇರ್ ನಕಲು ಮಾಡಿತು. 2017ರಲ್ಲಿ 'ಡೆಕಾರ್ಡ್ಸ್ ಡ್ರೀಮ್' ಎಂಬ ಯಂತ್ರ 'ಬ್ಲೇಡ್ ರನ್ನರ್' ನಾಯಕನ ಹೆಸರನ್ನೇ ಹೊತ್ತು ಬಂತು. ಕೊಳ್ಳುವವರು ಆಡುವ ಮಾತು ಒಂದೇ: ಅನಲಾಗ್ ಸದ್ದಿನ ಬೆಚ್ಚನೆಯ ಗುಣ. ಆ ಗುಣ ಸುಳ್ಳಲ್ಲ. ಆದರೆ ಬಹಳಷ್ಟು ಮಂದಿ ಆ ನಕಲನ್ನು ನುಡಿಸುವುದು ಒತ್ತಡವೇ ಗೊತ್ತಾಗದ ಅಗ್ಗದ ಕೀಬೋರ್ಡಿನಲ್ಲಿ. ಬಿಸ್ಮಿಲ್ಲಾ ಖಾನರ ಶಹನಾಯಿ ಕೊಂಡು ತಂದು ಸೈಕಲ್ ಪಂಪಿನಿಂದ ಊದಿದಂತೆ.

ಸಮಾಧಾನದ ಸಂಗತಿಯೆಂದರೆ ಬೆರಳಿನ ಪರವಾಗಿ ಗಾಳಿ ನಿಧಾನವಾಗಿ ತಿರುಗಿದೆ. ಒಂದೊಂದು ಸ್ವರಕ್ಕೂ ಪ್ರತ್ಯೇಕ ಒತ್ತಡ, ಪ್ರತ್ಯೇಕ ಜಾರು ಕಳಿಸಲು ಅನುವಾಗುವ ಎಂಪಿಇ ಎಂಬ ಪದ್ಧತಿಯನ್ನು 2018ರಲ್ಲಿ ಮಿಡಿ ಸಂಸ್ಥೆ ಒಪ್ಪಿಕೊಂಡಿತು. 2019ರಲ್ಲಿ ಬಂದ ಹೈಡ್ರಾಸಿಂಥ್ ಎಂಬ ವಾದ್ಯದಲ್ಲಿ ಕೀ ಕೀಗೂ ಬೇರೆ ಒತ್ತಡ ತಿಳಿಯುತ್ತದೆ. ಜಾರುಪಟ್ಟಿಯೂ ಇದೆ. ಬೆಲೆ ಮಧ್ಯಮ ವರ್ಗದ ಹವ್ಯಾಸಿಗೆ ಕಷ್ಟವಾದರೂ ಸಿಎಸ್-80ರಂತೆ ಅಸಾಧ್ಯವಲ್ಲ. ಗಾಳಿ ತಿರುಗಿದ್ದಕ್ಕೆ ಸೀಕ್ವೆನ್ಷಿಯಲ್ ಕಂಪನಿಯ ಕಥೆಯೇ ಸಾಕ್ಷಿ. 1987ರಲ್ಲಿ ಅದನ್ನು ಕೊಂಡದ್ದು ಇದೇ ಯಮಾಹಾ. 2015ರಲ್ಲಿ ಆ ಹೆಸರನ್ನು ಸ್ಮಿತ್‌ಗೆ ಮರಳಿಸಿತು. 2020ರಲ್ಲಿ ಸ್ಮಿತ್ ಪ್ರಾಫೆಟ್-5ಕ್ಕೆ ಮರುಹುಟ್ಟು ಕೊಟ್ಟಾಗ, ಈ ಸಲ ಅದರ ಕೀಗಳಿಗೆ ರಭಸವೂ ಒತ್ತಡವೂ ತಿಳಿಯುವಂತೆ ಮಾಡಿದರು. ನೆನಪಿನ ಗುಂಡಿ ಕಂಡುಕೊಟ್ಟವರೇ ನಲವತ್ತೆರಡು ವರ್ಷಗಳ ನಂತರ ಬೆರಳಿನ ಬಾಕಿ ತೀರಿಸಲು ಹೊರಟಿದ್ದರು.

ಇದೆಲ್ಲ ದೊಡ್ಡವರ ಸ್ಟುಡಿಯೊದ ವಿಷಯ ಎಂದು ಬಿಡುವಂತಿಲ್ಲ. ನಮ್ಮ ಊರುಗಳ ಬೀದಿಬೀದಿಯಲ್ಲಿ 'ಕೀಬೋರ್ಡ್ ಕ್ಲಾಸ್' ಫಲಕಗಳಿವೆ. ಸಂಗೀತದ ಮೊದಲ ಪಾಠವನ್ನೇ ಕೀಬೋರ್ಡಿನ ಮುಂದೆ ಕಲಿಯುವ ಮಕ್ಕಳು ಬೇಕಾದಷ್ಟು. ಅವರಿಗಾಗಿ ಕೊಳ್ಳುವ ಕೀಬೋರ್ಡಿನ ಡಬ್ಬಿಯ ಮೇಲೆ ನೂರಾರು ಟೋನ್, ನೂರಾರು ತಾಳ ಎಂದು ದೊಡ್ಡ ಅಕ್ಷರದಲ್ಲಿರುತ್ತದೆ. ಅದು ನೆನಪಿನ ಜಾಹೀರಾತು. ಅಗ್ಗದ ಬಹಳಷ್ಟು ಕೀಬೋರ್ಡುಗಳಿಗೆ ಬೆರಳಿನ ರಭಸವೇ ತಿಳಿಯುವುದಿಲ್ಲ, ಸ್ವರ ಜಾರಿಸುವ ಪಿಚ್ ಬೆಂಡ್ ಚಕ್ರವೂ ಇರುವುದಿಲ್ಲ. ಅಂಥದರಲ್ಲಿ ಮಾಯಾಮಾಳವಗೌಳ ಕಲಿತ ಮಗುವಿಗೆ ಸ್ವರವೆಂದರೆ ಗುಂಡಿ ಎಂಬ ಭಾವನೆ ಬೇರೂರಿದರೆ ತಪ್ಪು ಮಗುವಿನದಲ್ಲ. ಕಲಿಸುವವರು ಮೊದಲ ವರ್ಷದಲ್ಲೇ ಎಡಗೈಗೆ ಪಿಚ್ ಬೆಂಡ್ ಕೊಡಬೇಕು, ಬಲಗೈಗೆ ಮೆಲುವು, ಜೋರು ಕಲಿಸಬೇಕು.

ಹೆತ್ತವರು ಮಾಡಬಹುದಾದ ಕೆಲಸ ಇನ್ನೂ ಸುಲಭ. ಅಂಗಡಿಯಲ್ಲಿ ಎಷ್ಟು ಟೋನ್ ಇದೆ ಎಂದು ಕೇಳುವ ಮೊದಲು ಒಂದೇ ಕೀಯನ್ನು ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ ಒತ್ತಿ ನೋಡಿ. ಎರಡು ಸಲವೂ ಒಂದೇ ಸದ್ದು ಬಂದರೆ, ಬೇರೆಯದನ್ನು ತೋರಿಸಲು ಹೇಳಿ.